ಹುಣಸೆ ಬೀಜದ ಪೋಕರ್

ಮೊನ್ನೆ ಬಟ್ಟೆ ಒಗೆಯುವ ಮಷಿನ್ನಿನೊಳಗೆ ಏನೋ ಗಲಗಲ ಸದ್ದಾಯಿತು. ನನ್ನ ಹೆಂಡತಿ ಗಿರಿಜಾ ಅದನ್ನು ನಿಲ್ಲಿಸಿ, ಒಳಗೆ ಕೈ ಹಾಕಿ, ಒದ್ದೆಯಾದ ಹುಣಸೆ ಬೀಜಗಳನ್ನು ಬೊಗಸೆ ತುಂಬ ತೆಗೆದು ನನ್ನ ಮುಂದಿನ ಟೀಪಾಯಿಯ ಮೇಲೆ ಸುರಿದಳು.

"ಏನ್ರಿ ಇವು, ಪ್ಯಾಂಟಿನ ಕಿಸೆದಾಗ? ಮಷಿನ್ ಕೆಟ್ರ ನಿಮ್ಮ ಕೈಲೇನ ಅರಬಿ ಒಗಸ್ತೇನಿ ನೋಡ್ರಿ," ಎಂದಳು.

ಐವತ್ತರ ಹತ್ತಿರ ಬಂದ, ಬಾಗಲಕೋಟೆಯ ನವನಗರದಲ್ಲಿ ಒಂದು ಕಚೇರಿಯ ಕಡತ ನೋಡಿಕೊಂಡಿರುವ ಗಂಡಸಿನ ಕಿಸೆಯಲ್ಲಿ ಹುಣಸೆ ಬೀಜ ಯಾಕಿರಬೇಕು ಎಂದು ನೀವೂ ಕೇಳಬಹುದು. ಅವು ಪೋಕರ್ ಆಟದ ಬಿಲ್ಲೆಗಳು. ಇಳಕಲ್ಲಿನ ನನ್ನ ಮಾವನ ಮನೆಯಿಂದ, ಪಂಚಮಿ ಹಬ್ಬ ಮುಗಿಸಿ ಬರುವಾಗ, ನನಗೇ ಗೊತ್ತಿಲ್ಲದಂತೆ ಕಿಸೆಯಲ್ಲಿ ಕೂತು ಬಂದವು. ಅವನ್ನು ನೋಡಿದ ಕೂಡಲೇ ನನ್ನ ಹೊಟ್ಟೆಯಲ್ಲಿ ಹಳೆಯ ಉರಿಯೊಂದು ಮತ್ತೆ ಎದ್ದಿತು. ಹೌದು, ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಚಂದದ ಹೆಸರಿಡುವ ಆಸೆ ನನಗಿಲ್ಲ.

ಹೊಟ್ಟೆಕಿಚ್ಚಿನಲ್ಲಿ ನಾನು ಹೊಸಬನೂ ಅಲ್ಲ. ಹಿನ್ನೀರಿನಲ್ಲಿ ಮುಳುಗುವ ಮುಂಚಿನ ಹಳೆಯ ಬಾಗಲಕೋಟೆಯ ಓಣಿಯಲ್ಲಿ ಬೆಳೆದವನು ನಾನು. ಅಲ್ಲಿ ಪಂಚಮಿ ಬಂತೆಂದರೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಪಂಥ. ನಮ್ಮ ಓಣಿಯ ಬೇವಿನ ಗಿಡದಿಂದ ರೈಲು ಸ್ಟೇಷನ್ನಿನ ತನಕ ಒಂದು ನಿಂಬೆಹಣ್ಣನ್ನು ಇಷ್ಟೇ ಒಗೆತಕ್ಕೆ, ಅಂದರೆ ಇಷ್ಟೇ ಎಸೆತಕ್ಕೆ, ಮುಟ್ಟಿಸುತ್ತೇನೆ ಎಂದು ಒಬ್ಬ ಎದೆ ತಟ್ಟುತ್ತಿದ್ದ, ಆಗಲಿಕ್ಕಿಲ್ಲ ಎಂದು ಇನ್ನೊಬ್ಬ. ಪಣಕ್ಕೆ ಒಣಕೊಬ್ಬರಿಯ ಬಟ್ಟಲು. ನಮ್ಮ ಕಾಕಾ ಆ ಕಡೆಗೆಲ್ಲ ಹೆಸರಾದ ಒಗೆತಗಾರ. ಅವನು ಒಗೆದ ಹಣ್ಣು ಬಿದ್ದಲ್ಲಿಗೆ ಓಡಿ ಹೋಗಿ "ಇಲ್ಲೈತಿ" ಎಂದು ಕೂಗುವ ಕೆಲಸ ನನ್ನ ದೊಡ್ಡಪ್ಪನ ಮಗ ಮಲ್ಲೂನದು. ಕಾಕಾನ ಚಪ್ಪಲಿ ಹಿಡಿದುಕೊಂಡು ಎಲ್ಲರ ಹಿಂದೆ ಬರುವ ಕೆಲಸ ನನ್ನದು. ಹಣ್ಣು ಮುಳ್ಳುಕಂಟಿಯಲ್ಲಿ ಬಿದ್ದರೆ ಮಲ್ಲೂ ಮೈಯೆಲ್ಲ ಗೀರಿಸಿಕೊಂಡು ಹೊರಗೆ ಬರುತ್ತಿದ್ದ. ನನಗೆ ಆ ಗೀರುಗಳ ಮೇಲೂ ಆಸೆ. ಮನೆಗೆ ಬಂದ ಮೇಲೆ ಅವ್ವ ಅವನ ಮೊಣಕೈಗೆ ಅರಿಷಿಣ ಹಚ್ಚುವುದನ್ನು ನೋಡಿ ನಾನು ಹಿಂದೆ ಹೋಗಿ ನನ್ನ ಮೊಣಕೈಯನ್ನು ಗೋಡೆಗೆ ಉಜ್ಜಿಕೊಂಡದ್ದುಂಟು. ಅವ್ವ ಅದನ್ನು ಗಮನಿಸಲೇ ಇಲ್ಲ. "ಹೋಗು, ಉಂಡಿ ತಿನ್ನು ಹೋಗು," ಎಂದು ಅಟ್ಟಿದಳು.

ಉಂಡಿಗಳದೂ ಒಂದು ಗೋಳು. ಶೇಂಗಾದ್ದು, ಎಳ್ಳಿನದು, ರವೆಯದು, ಎಲ್ಲವನ್ನೂ ಅವ್ವ ಒಂದೇ ಅಳತೆಗೆ ಕಟ್ಟುತ್ತಿದ್ದಳು. ಆದರೂ ಮಲ್ಲೂನ ತಾಟಿನಲ್ಲಿದ್ದದ್ದು ಒಂದು ಕೂದಲೆಳೆಯಷ್ಟು ದೊಡ್ಡದಾಗಿಯೇ ಕಾಣುತ್ತಿತ್ತು. ಈಗ ಮಲ್ಲೂಗೆ ಸಕ್ಕರೆ ಕಾಯಿಲೆ, ಉಂಡಿ ಮುಟ್ಟುವಂತಿಲ್ಲ. ಆ ಸುದ್ದಿ ಕೇಳಿದಾಗ ನನಗೆ ಒಳಗೊಳಗೇ ಆದ ಸಮಾಧಾನವನ್ನು ಯಾರ ಮುಂದೆಯೂ ಹೇಳಿಲ್ಲ. ನೀವು ನಮ್ಮವರು ಎಂದು ಹೇಳುತ್ತಿದ್ದೇನೆ, ಅವನ ಕಿವಿಗೆ ಹಾಕಬೇಡಿ.

ಇಳಕಲ್ಲಿನ ಮಾತಿಗೆ ಬರೋಣ. ನನ್ನ ಮಾವ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ತುಂಬಿದ ಬಸ್ಸಿನಲ್ಲಿ ಟಿಕೆಟ್ ತೆಗೆಸದೆ ಕೂತವನು ಯಾರು ಎಂಬುದನ್ನು ಮುಖ ನೋಡಿಯೇ ಹೇಳುತ್ತಿದ್ದರಂತೆ. ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಗದ್ದಲ ಸದಾ ಇದ್ದೇ ಇರುತ್ತದೆ. ಪಂಚಮಿಗೆ ಗಿರಿಜಾ ಮುಂಚಿತವಾಗಿ ತವರಿಗೆ ಹೋಗುವುದು, ಹಬ್ಬದ ಹೊತ್ತಿಗೆ ನಾನು ಹೋಗಿ ಎರಡು ದಿನವೋ ನಾಲ್ಕು ದಿನವೋ ಇದ್ದು ಅವಳನ್ನು ಕರೆದುಕೊಂಡು ಬರುವುದು ಮದುವೆಯಾದಾಗಿನಿಂದ ನಡೆದು ಬಂದದ್ದು. ಮೊದಲ ಪಂಚಮಿಯಲ್ಲಿ ಊಟವಾದ ಮೇಲೆ ಮಾವ ಪಡಸಾಲೆಯಲ್ಲಿ ಚಾಪೆ ಹಾಸಿ ಇಸ್ಪೀಟು ತೆಗೆದರು. ಆಗ ಆಡುತ್ತಿದ್ದದ್ದು ರಮ್ಮಿ. ದುಡ್ಡು ಕಟ್ಟುವುದಕ್ಕೆ ಅತ್ತೆ ಬಿಡುತ್ತಿರಲಿಲ್ಲವಾದ್ದರಿಂದ ಪಣಕ್ಕೆ ಹುಣಸೆ ಬೀಜ. ನಾನು ಗೆದ್ದೆ. ಮರುವರ್ಷವೂ ಗೆದ್ದೆ. ಆ ಚಾಪೆಯ ಮೇಲೆ ಸೋತ ನೆನಪೇ ನನಗಿರಲಿಲ್ಲ. "ನಮ್ಮ ಅಳಿಯಾರ ಕೈಯಾಗ ಎಲಿ ಮಾತಾಡ್ತಾವ," ಎಂದು ಮಾವ ಬಂದವರ ಮುಂದೆಲ್ಲ ಹೇಳುವಾಗ ನಾನು ನಾಚಿದಂತೆ ಮಾಡುತ್ತಿದ್ದೆ. ಆ ಗೆಲುವುಗಳನ್ನು ಕಚೇರಿಯ ಊಟದ ಹೊತ್ತಿನಲ್ಲಿ ವರ್ಷವಿಡೀ ಬಿಚ್ಚಿ ಬಿಚ್ಚಿ ಬಡಿಸುತ್ತಿದ್ದೆ.

ಹೀಗಿರುವಾಗ ಗಿರಿಜಾಳ ತಂಗಿ ಶೋಭಾಳ ಮದುವೆಯಾಯಿತು. ವರ ಬಾದಾಮಿಯ ಕಡೆಯವನು, ಹುನಗುಂದದಲ್ಲಿ ಔಷಧದ ಅಂಗಡಿ ಇಟ್ಟವನು, ಹೆಸರು ಬಸವರಾಜ. ನನ್ನ ಷಡ್ಡಕ. ಹುನಗುಂದ ಇಳಕಲ್ಲಿಗೆ ಎಷ್ಟು ಹತ್ತಿರವೆಂದರೆ ಶೋಭಾ ಮೊಸರಿನ ಹೆಪ್ಪಿಗೂ ಸ್ಕೂಟರ್ ಹತ್ತಿ ತವರಿಗೆ ಬಂದು ಹೋಗುತ್ತಾಳೆ. ಅವಳ ಹಿಂದೆ ಇವನೂ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಸವರಾಜ ಮೊಬೈಲಿನಲ್ಲಿ ಪೋಕರ್ ಆಡುತ್ತಿದ್ದ. ಅದರಲ್ಲೂ ಹೆಡ್ಸ್ ಅಪ್ ಎಂಬ ಬಗೆ. ಆರು ಜನ, ಒಂಬತ್ತು ಜನ ಸುತ್ತ ಕೂತು ಆಡುವುದಲ್ಲ, ಇಬ್ಬರೇ ಎದುರುಬದುರು. ಒಬ್ಬನ ಬಿಲ್ಲೆಗಳೆಲ್ಲ ಖಾಲಿಯಾಗುವ ತನಕ ಆಟ, ಗೆದ್ದವನಿಗೆ ಮುಂದಿನವನ ಜೊತೆ ಆಟ. ಕಟ್ಟುವುದು ಒಂದು ಚಹಾ, ಒಂದು ಪ್ಲೇಟ್ ಮಿರ್ಚಿಯಷ್ಟು ಚಿಲ್ಲರೆ ಮಾತ್ರ. ಆದರೆ ಅದಕ್ಕೊಂದು ದೊಡ್ಡ ಶಾಸ್ತ್ರವೇ ಇದೆ ಎಂದು ಅವನು ವಿವರಿಸುವಾಗ ಮಾವ ಕಣ್ಣರಳಿಸಿ ಕೇಳಿದರು. ಮುಂದಿನ ಪಂಚಮಿಗೆ ನಾನು ಹೋಗುವಷ್ಟರಲ್ಲಿ ಚಾಪೆಯ ಮೇಲೆ ರಮ್ಮಿ ಹೋಗಿ ಪೋಕರ್ ಬಂದಿತ್ತು. ಮಾವನ ಎದುರಿಗೆ, ನಾನು ಇಷ್ಟು ವರ್ಷ ಕೂತ ಜಾಗದಲ್ಲಿ, ಬಸವರಾಜ ಚಕ್ಕಳಮಕ್ಕಳ ಹಾಕಿ ಕೂತಿದ್ದ.

ಅವನು ಸೋಲುತ್ತಿದ್ದ. ಒಂದು ಸಲ ಅಲ್ಲ, ಹೆಚ್ಚುಕಡಿಮೆ ಪ್ರತಿ ಸಲ. ಮಾವ ಅವನ ಬೀಜಗಳನ್ನು ಎರಡೂ ಕೈಯಿಂದ ಬಳಿದುಕೊಳ್ಳುತ್ತ, "ಲೇ ಬಸ್ಯಾ, ಹೋಗಿ ಗುಳಿಗಿ ಮಾರು ಹೋಗು, ಇದು ನಿನ್ನ ಕೆಲಸ ಅಲ್ಲ," ಎಂದು ತೊಡೆ ತಟ್ಟಿ ನಗುತ್ತಿದ್ದರು. ನನ್ನ ಸರದಿ ಬಂದಾಗ ಅದೇ ಮಾವ ಎಲೆಗಳನ್ನು ನೀಟಾಗಿ ಜೋಡಿಸಿ, "ತಗೋರಿ ಅಳಿಯಾರ, ನೀವ ಮೊದಲ ಹಾಕ್ರಿ," ಎನ್ನುತ್ತಿದ್ದರು. ಮೆತ್ತಗೆ ಸೋಲುತ್ತಿದ್ದರು. ನನಗೆ ಆಗ ಏನು ಅನ್ನಿಸುತ್ತಿತ್ತು ಎಂದರೆ, ಆ "ಲೇ" ನನಗೆ ಬೇಕು. ಬಸ್ಯಾ ಎಂದು ಹೆಸರು ಮುರಿದು ಕರೆಯುವಷ್ಟು ಸಲಿಗೆ ಎರಡು ವರ್ಷದ ಅಳಿಯನಿಗೆ ಸಿಕ್ಕಿದೆ, ಇಪ್ಪತ್ತು ವರ್ಷದ ಅಳಿಯನಾದ ನನಗೆ ಇನ್ನೂ "ರೀ". ನಾನು ಆ ಮನೆಗೆ ಹೋದಾಗಲೆಲ್ಲ ಹೊಸ ಟವೆಲ್ ತೆಗೆದು ಕೊಡುತ್ತಾರೆ. ಬಸವರಾಜ ತಂತಿಯ ಮೇಲೆ ಒಣಹಾಕಿದ ಯಾರದೋ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾನೆ. ಆ ಹಳೆಯ ಟವೆಲ್ಲನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ನವನಗರಕ್ಕೆ ಮರಳಿದ ಮೇಲೂ ಬಿಡಲಿಲ್ಲ. ಮನೆಮಂದಿಯ ವಾಟ್ಸ್ಯಾಪ್ ಗುಂಪಿನಲ್ಲಿ ಶೋಭಾ ಭಾನುವಾರಕ್ಕೊಮ್ಮೆ ಫೋಟೋ ಹಾಕುತ್ತಿದ್ದಳು. ಚಾಪೆ, ಬೀಜ, ತಲೆ ಮೇಲೆ ಕೈ ಹೊತ್ತ ಬಸವರಾಜ, ಕೆಳಗೆ "ಅಪ್ಪಾ ಮತ್ತ ಗೆದ್ರು" ಎಂಬ ಒಕ್ಕಣೆ. ನಾನು ಫೋಟೋವನ್ನು ದೊಡ್ಡದು ಮಾಡಿ ಮಾವನ ಮುಖ ನೋಡುತ್ತಿದ್ದೆ. ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದರು. ನನ್ನೆದುರು ಅವರು ಅಷ್ಟು ಹಲ್ಲು ತೋರಿಸಿದವರೇ ಅಲ್ಲ.

"ಅವ ಸೋತಾನ, ನೀವ್ಯಾಕ ಉರಕೊಳ್ಳಾಕತ್ತೀರಿ?" ಎಂದು ಗಿರಿಜಾ ಕೇಳಿದಳು.

"ಅವ ಸೋತದ್ದಕ್ಕ ಉರಕೊಳ್ಳಾಕತ್ತೇನಿ," ಎಂದೆ.

ಅವಳು ಏನೋ ಹೇಳಲು ಬಾಯಿ ತೆರೆದು, ಅಡುಗೆಮನೆಗೆ ಹೋದಳು.

ಅವತ್ತೇ ನಾನು ಆ ಶಾಸ್ತ್ರವನ್ನು ಕಲಿಯಲು ನಿಶ್ಚಯಿಸಿದೆ. ಬಸವರಾಜನನ್ನು ಕೇಳಿದ್ದರೆ ಸಂತೋಷದಿಂದ ಹೇಳಿಕೊಡುತ್ತಿದ್ದ, ಒಳ್ಳೆಯ ಹುಡುಗ. ಅದಕ್ಕೇ ಕೇಳಲಿಲ್ಲ. ಮೊಬೈಲಿನಲ್ಲಿ ಒಂದು ಆಪ್ ಹಾಕಿಕೊಂಡು, ಯೂಟ್ಯೂಬಿನಲ್ಲಿ ಹಿಂದಿಯಲ್ಲಿ ಪಾಠ ಹೇಳುವ ಒಬ್ಬ ಕನ್ನಡಕದವನನ್ನು ಗುರುವೆಂದು ಹಿಡಿದೆ. ಆಗಿನ್ನೂ ದುಡ್ಡಿನ ಆನ್‌ಲೈನ್ ಆಟಗಳಿಗೆ ತಡೆ ಬಿದ್ದಿರಲಿಲ್ಲ.

ಪೋಕರ್ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬನಿಗೂ ಎರಡು ಎಲೆ, ಅವು ಅವನಿಗೆ ಮಾತ್ರ ಕಾಣುತ್ತವೆ. ನಡುವೆ ಐದು ಎಲೆ, ಮೊದಲು ಮೂರು, ಆಮೇಲೆ ಒಂದೊಂದಾಗಿ ಬಿಚ್ಚುತ್ತ ಹೋಗುತ್ತವೆ, ಅವು ಇಬ್ಬರಿಗೂ ಸೇರಿದವು. ಎರಡನ್ನೂ ಕೂಡಿಸಿ ಯಾರ ಕೂಟ ದೊಡ್ಡದೋ ಅವನು ಗೆದ್ದ. ನಡುನಡುವೆ ಪಣ ಏರಿಸಬಹುದು, ಎದುರಿನವನು ಅಷ್ಟೇ ಕಟ್ಟಿ ನಿಲ್ಲಬಹುದು, ಇಲ್ಲವೇ ಎಲೆ ಮುಚ್ಚಿಟ್ಟು ಕೈ ಬಿಡಬಹುದು. ಮುಚ್ಚಿಟ್ಟ ಎಲೆಯನ್ನು ಯಾರೂ ತೆರೆದು ನೋಡಬಾರದು. ಇನ್ನೊಂದು ವಿಷಯ, ಪ್ರತಿ ಹಂಚಿಕೆಗೂ ಎಲೆ ನೋಡುವ ಮುಂಚೆಯೇ ಇಷ್ಟು ಎಂದು ಕಡ್ಡಾಯವಾಗಿ ಇಡಬೇಕು. ಹೊತ್ತು ಹೋದಂತೆ ಆ ಕಡ್ಡಾಯದ ಪಣ ಬೆಳೆಯುತ್ತದೆ.

ನಾನು ಮುಗ್ಗರಿಸಿದ್ದು ಇಲ್ಲಿಯೇ. ನನ್ನದು ಕಚೇರಿಯ ಸ್ವಭಾವ, ಒಳ್ಳೆಯ ಎಲೆ ಬರಲಿ, ಆಮೇಲೆ ನೋಡೋಣ. ಒಂಬತ್ತು ಜನರ ನಡುವೆ ಹಾಗೆ ಕಾಯಬಹುದು. ಇಬ್ಬರೇ ಇದ್ದಾಗ ಕಾಯುವವನನ್ನು ಕಡ್ಡಾಯದ ಪಣವೇ ತಿಂದು ಮುಗಿಸುತ್ತದೆ. ಎದುರಿನವನು ಏನೂ ಮಾಡಬೇಕಾಗಿಲ್ಲ. ಗುರು ಹೇಳುತ್ತಿದ್ದ, ಇಬ್ಬರ ಆಟದಲ್ಲಿ ಒಂದು ಎಕ್ಕಾ ಇದ್ದರೂ ಸಾಕು, ಒಂದು ರಾಜಾ ಇದ್ದರೂ ಸಾಕು, ಏರಿಸು. ಎರಡು ಒಂದೇ ಬೆಲೆಯ ಎಲೆ ಬಂತೆಂದರೆ, ಎಷ್ಟು ಸಣ್ಣ ಜೋಡಿಯಾದರೂ, ಹಬ್ಬ. ನನಗೆ ಏರಿಸಲು ಕೈಯೇ ಬರುತ್ತಿರಲಿಲ್ಲ. ಅರ್ಧಂಬರ್ಧ ಎಲೆ ಇಟ್ಟುಕೊಂಡು ದೊಡ್ಡ ಪಣ ಕಟ್ಟುವುದು, ಹೊಲ ಇಲ್ಲದೆ ಪಹಣಿ ತೋರಿಸಿದಂತೆ ಅನ್ನಿಸುತ್ತಿತ್ತು. ಅದಕ್ಕಿಂತ ಹೆಚ್ಚಿನ ತಪ್ಪು ಇನ್ನೊಂದು. ಎದುರಿನವನ ಬಿಲ್ಲೆ ಮುಗಿಯುತ್ತ ಬಂದಾಗ ನನಗೆ ಕನಿಕರ ಹುಟ್ಟುತ್ತಿತ್ತು. ಹುಲಿಯ ಚಿತ್ರ ಹಾಕಿಕೊಂಡ ಯಾವನೋ ಒಬ್ಬ, ಯಾವ ಊರಿನವನೋ, ಅವನನ್ನು ಪೂರ್ತಿ ಬರಿಗೈ ಮಾಡಿ ಕಳಿಸುವುದು ನಮ್ಮ ಕಡೆಯ ರೀತಿಯಲ್ಲವಲ್ಲ. ಒಂದು ಕೈ ಬಿಟ್ಟುಕೊಡುತ್ತಿದ್ದೆ. ಹುಲಿ ಅದನ್ನು ತೆಗೆದುಕೊಂಡು, ಮುಂದಿನ ಹಂಚಿಕೆಯಲ್ಲಿ ದುಪ್ಪಟ್ಟು ಮಾಡಿಕೊಂಡು, ನನ್ನನ್ನೇ ನುಂಗಿ ಹೋಗುತ್ತಿತ್ತು.

ಸೋತೆ. ಊಟದ ಬಿಡುವಿನಲ್ಲಿ ಸೋತೆ, ಬಚ್ಚಲುಮನೆಯಲ್ಲಿ ಸೋತೆ, ತಿಂಗಳ ಸಭೆಯಲ್ಲಿ ಸಾಹೇಬರು ಮರೋಳದ ಏತ ನೀರಾವರಿಯ ಬಗ್ಗೆ ಮಾತಾಡುತ್ತಿದ್ದಾಗ ಮೇಜಿನ ಕೆಳಗೆ ಸೋತೆ. ಇಳಕಲ್ಲಿನ ಚಾಪೆಯ ಮೇಲೆ ಎದುರಿಲ್ಲದ ಸರದಾರ, ಇಲ್ಲಿ ಹೆಸರಿಲ್ಲದ ಹುಲಿ, ನವಿಲು, ಗುಲಾಬಿ ಹೂವುಗಳ ಮುಂದೆ ಯಾಕೆ ಹೀಗೆ ಮುಗ್ಗರಿಸುತ್ತೇನೆ ಎಂಬುದು ತಿಳಿಯಲಿಲ್ಲ. ಮೊಬೈಲಿನದು ಮೋಸದ ಎಲೆ ಎಂದುಕೊಂಡು ಸ್ವಲ್ಪ ದಿನ ಸಮಾಧಾನ ಮಾಡಿಕೊಂಡೆ.

ಆದರೂ ಸೋತವನಿಗೆ ವಿದ್ಯೆ ಹತ್ತುತ್ತದೆ. ಮೆಲ್ಲಮೆಲ್ಲಗೆ ಎರಡು ಸಂಗತಿ ತಲೆಗೆ ಹೋದವು. ಚಿಲ್ಲರೆ ಪಣಕ್ಕೆ ಆಡುವವರು ಹೆದರುವುದಿಲ್ಲ ಎಂಬುದು ಮೊದಲನೆಯದು. ಏನೂ ಇಲ್ಲದೆ ದೊಡ್ಡ ಪಣ ಕಟ್ಟಿ ಹೆದರಿಸಲು ಹೋದರೆ, ಹೋದರೆ ಹೋಯಿತು ಒಂದು ಚಹಾ ಎಂದು ನಿಂತೇಬಿಡುತ್ತಾರೆ. ಅಂಥವರೆದುರು ಸುಳ್ಳು ನಡೆಯದು, ಒಳ್ಳೆಯ ಎಲೆ ಬಂದಾಗ ಮಾತ್ರ ಜೋರಾಗಿ ಕಟ್ಟಬೇಕು. ಎರಡನೆಯದು, ನಿನ್ನ ಎಲೆಗಿಂತ ಎದುರಿನವನನ್ನು ನೋಡು. ಅವನು ಎಷ್ಟು ಸಲ ನಿಲ್ಲುತ್ತಾನೆ, ಎಷ್ಟು ಸಲ ಕೈ ಬಿಡುತ್ತಾನೆ, ಯಾರೆದುರು ಬಿಡುತ್ತಾನೆ ಎಂಬುದರಲ್ಲಿ ಅವನ ಇಡೀ ಆಟವಿದೆ. ಅತಿಯಾಗಿ ಕೈ ಬಿಡುವವನು ಸಿಕ್ಕರೆ ಸಂತೋಷ ಪಡುವ ಮೊದಲು, ಯಾಕೆ ಬಿಡುತ್ತಿದ್ದಾನೆ ಎಂದು ಕೇಳಿಕೋ ಎಂದ ನಮ್ಮ ಕನ್ನಡಕದ ಗುರು.

ನಾಲ್ಕಾರು ಆಟ ಗೆಲ್ಲತೊಡಗಿದೆ ಅನ್ನುವಷ್ಟರಲ್ಲಿ ಕಾಯ್ದೆ ಬಂದು ಆಪ್ ಮುಚ್ಚಿತು. ನನಗೆ ಬೇಸರವಾಗಲಿಲ್ಲ. ನನ್ನ ಆಟ ಇದ್ದದ್ದು ಇಳಕಲ್ಲಿನಲ್ಲಿ. ಈ ಪಂಚಮಿಗೆ ಬಸವರಾಜನೆದುರೇ ಮಾವನನ್ನು ಶಾಸ್ತ್ರೋಕ್ತವಾಗಿ ಆಡಿ ಗೆಲ್ಲಬೇಕು, ಮಾವ ತೊಡೆ ತಟ್ಟಬೇಕು, ಆ ಚಾಪೆಯ ಮೇಲಿನ ನನ್ನ ಜಾಗ ನನಗೆ ಮರಳಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಶನಿವಾರ ಬಸ್ಸು ಹತ್ತಿ, ದಾರಿಯಲ್ಲಿ ಅಮೀನಗಡದಲ್ಲಿ ಕರದಂಟು ಮಿಠಾಯಿಯ ದೊಡ್ಡ ಡಬ್ಬಿ ತೆಗೆದುಕೊಂಡು ಹೋದೆ. ಬಸವರಾಜನೂ ಅದನ್ನೇ ತಂದಿದ್ದ. ಅವನ ಡಬ್ಬಿ ನಾನು ಹೋಗುವಷ್ಟರಲ್ಲಿ ಅರ್ಧ ಖಾಲಿಯಾಗಿ ಪಡಸಾಲೆಯಲ್ಲಿ ಬಾಯಿ ತೆರೆದು ಬಿದ್ದಿತ್ತು. ನನ್ನದನ್ನು ಅತ್ತೆ ಎರಡೂ ಕೈಯಲ್ಲಿ ಇಸಿದುಕೊಂಡು, "ಅಳಿಯಾರು ತಂದದ್ದು," ಎಂದು ದೇವರ ಮುಂದೆ ಇಟ್ಟರು. ಅಲ್ಲಿ ಅದು ಮುಚ್ಚಿಕೊಂಡೇ ಇತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಚಾಪೆ ಬಿತ್ತು. ಮೊದಲು ಬಸವರಾಜ ಆಡಿದ, ಸೋತ, ಬೈಸಿಕೊಂಡ. ನಾನು ಪಕ್ಕದಲ್ಲಿ ಕೂತು ಮಾವನನ್ನೇ ನೋಡುತ್ತಿದ್ದೆ. ಬಸವರಾಜ ಏರಿಸಿದಾಗಲೆಲ್ಲ ಮಾವ ನಿಲ್ಲುತ್ತಿದ್ದರು. ಅವನು ಎರಡು ಹಾಕಿದರೆ ಇವರು ನಾಲ್ಕು. ಆಮೇಲೆ ನನ್ನ ಸರದಿ. ನಾನು ಏರಿಸಿದೆ, ಮಾವ ಎಲೆ ಮುಚ್ಚಿಟ್ಟರು. ಮತ್ತೆ ಏರಿಸಿದೆ, ಮತ್ತೆ ಮುಚ್ಚಿಟ್ಟರು. "ಭಾರಿ ಎಲಿ ಬರಾಕತ್ತಾವ್ರಿ ನಿಮಗ," ಎಂದರು. ಅದೇ ಮನುಷ್ಯ, ಅದೇ ಚಾಪೆ, ಆಡುವ ರೀತಿ ಮಾತ್ರ ಬೇರೆ. ಗುರುವಿನ ಮಾತು ಕಿವಿಯಲ್ಲಿ ಕೂತಿತ್ತು. ಒಂದು ಪರೀಕ್ಷೆ ಮಾಡಿಯೇಬಿಡೋಣ ಎಂದು, ಮುಂದಿನ ಹಂಚಿಕೆಯಲ್ಲಿ ನನ್ನ ಎರಡು ಎಲೆಗಳನ್ನು ನೋಡಲೂ ಇಲ್ಲ. ನೋಡಿದಂತೆ ಮಾಡಿ, ನನ್ನ ಮುಂದಿದ್ದ ಬೀಜಗಳನ್ನೆಲ್ಲ ನಡುವೆ ದೂಡಿದೆ.

ಮಾವ ತಮ್ಮ ಎಲೆ ನೋಡಿದರು. ಗಂಟಲು ಸರಿಮಾಡಿಕೊಂಡು, "ಇಲ್ಲ ಬಿಡ್ರಿ, ನನ್ನ ಕಡಿ ಏನೂ ಇಲ್ಲ," ಎಂದು ಮುಚ್ಚಿಟ್ಟರು.

ನಾನು ಮಾಡಬಾರದ್ದನ್ನು ಮಾಡಿದೆ. ಕೈ ಚಾಚಿ ಅವರ ಎಲೆಗಳನ್ನು ತಿರುವಿದೆ. ಎರಡು ರಾಜಾ.

ಇಬ್ಬರ ಆಟದಲ್ಲಿ ಜೋಡಿ ರಾಜಾ ಹಿಡಿದು ಕೈ ಬಿಡುವವನು ಲೋಕದಲ್ಲಿ ಎಲ್ಲಿಯೂ ಇಲ್ಲ. ಹುಲಿ ಬಿಡುವುದಿಲ್ಲ, ನವಿಲು ಬಿಡುವುದಿಲ್ಲ, ನನ್ನಂಥವನೂ ಬಿಡುವುದಿಲ್ಲ. ಬಸವರಾಜ ಕಕ್ಕಾಬಿಕ್ಕಿಯಾಗಿ ಎಲೆಗಳನ್ನೂ ಮಾವನನ್ನೂ ನೋಡಿದ. ಮಾವ ಬೀಜಗಳನ್ನು ಗುಡ್ಡೆ ಮಾಡತೊಡಗಿದರು.

"ಎಷ್ಟ ವರ್ಷದಿಂದ ಹಿಂಗ ಆಡಾಕತ್ತೀರಿ, ಮಾವಾರ?" ಎಂದೆ. ನನ್ನ ದನಿ ನನಗೇ ಚಿಕ್ಕ ಹುಡುಗನ ದನಿಯಂತೆ ಕೇಳಿಸಿತು.

ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಿನಿಂದ. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. "ಅವರನ್ನೇನ ಕೇಳ್ತೀರಿ ಅಳಿಯಾರ, ಹೇಳ್ದಾಕಿ ನಾನು," ಎಂದರು. ಹೊಸ್ತಿಲ ಬದಿಯಲ್ಲಿ ಕೂತು, ನನ್ನ ಕಡೆ ನೋಡದೆ ಹೇಳಿದರು. "ನನ್ನ ತವರಮನಿ ಶಿವಯೋಗ ಮಂದಿರದ ಹತ್ತರ, ನಿಮಗ ಗೊತ್ತೈತಲ್ಲ. ಲಗ್ನ ಆದ ಮೊದಲ ಪಂಚಮಿಗೆ ಇವರು ನನ್ನ ಕರಿಯಾಕ ಬಂದಿದ್ರು. ನಮ್ಮಪ್ಪನ ಕೂಡ ಎಲಿ ಆಡಿ ಸೋತ್ರು. ನಾಕ ಮಂದ್ಯಾಗ ಅಳಿಯನ್ನ ಸೋಲಿಸಿದ್ರು ಅಂತ ಸಿಟ್ಟ ಬಂತು. ಮರುದಿನ ಮೊದಲನೇ ಬಸ್ಸಿಗೆ ನನ್ನ ಎಬ್ಬಿಸಿಕೊಂಡು ಹೊಂಟ್ರು. ಜೋಕಾಲಿ ಕಟ್ಟಿದ್ದು ಕಟ್ಟಿದಂಗ ಇತ್ತು, ನಾ ಕೂತಽ ಇರಲಿಲ್ಲ. ನಮ್ಮವ್ವ ಉಂಡಿ ಗಂಟು ಹಿಡಕೊಂಡು ಬಸ್ಸಿನ ಮಟ ಓಡಿ ಬಂದ್ಲು. ಮುಂದಿನ ಪಂಚಮಿಗೆ ನಾ ಹೋಗೂದ್ರಾಗ ಆಕಿ ಇರಲಿಲ್ಲ."

ಮಾವ ತಲೆ ಎತ್ತಲಿಲ್ಲ. ಈ ಮಾತು ಆ ಮನೆಯಲ್ಲಿ ಅವರು ಬಹಳ ಸಲ ಕೇಳಿರಬೇಕು.

"ನಮ್ಮ ಗಿರಿಜಾನ ಲಗ್ನ ಆದ ವರ್ಷ ನಾ ಇವರಿಗೆ ಹೇಳ್ದೆ. ಅಳಿಯಾರನ್ನ ಸೋಲಿಸಬ್ಯಾಡ್ರಿ. ನಿಮ್ಮ ಬೀಜ ಹೋದ್ರ ಹೋಗ್ಲಿ, ನನಗ ಮಗಳು ಒಂದಿನ ಹೆಚ್ಚಿಗಿ ಸಿಗಲಿ. ನೀವು ಗೆದ್ದ ಖುಷಿದಾಗ ಎರಡ ದಿನ ಅಂದವ್ರು ನಾಕ ದಿನ ಇರ್ತಿದ್ರಿ. ನನಗ ಅಷ್ಟ ಸಾಕಾಗಿತ್ತು."

"ಮತ್ತ ನನ್ನ ಯಾಕ ಹೊಡಿತಾರ್ರಿ ಇವ್ರು?" ಎಂದು ಬಸವರಾಜ ಕೇಳಿದ.

"ನಿನ್ನ ಸೋಲಿಸಿದ್ರ ಏನಾಗ್ತೈತೋ? ಸಿಟ್ಟಿಗೆದ್ದು ನೀ ಹುನಗುಂದಕ್ಕ ಹೋದ್ರ ಶೋಭಾ ನಾಳೆ ಮೊಸರಿಗೆ ಮತ್ತ ಬರ್ತಾಳ," ಎಂದರು ಅತ್ತೆ.

ನಾನು ಆ ಎರಡು ರಾಜರನ್ನೇ ನೋಡುತ್ತ ಕೂತೆ. ಇಪ್ಪತ್ತು ವರ್ಷದ ಗೆಲುವು ಒಂದೇ ಏಟಿಗೆ ಕೈಬಿಟ್ಟು ಹೋಗಿತ್ತು, ಕಚೇರಿಯಲ್ಲಿ ನನ್ನ ಬಡಾಯಿ ಕೇಳಿದವರ ಮುಖಗಳೆಲ್ಲ ಕಣ್ಣ ಮುಂದೆ ಸಾಲಾಗಿ ಬಂದವು. ಅಷ್ಟಾದರೂ ಮೊದಲು ಎದ್ದದ್ದು ನಾಚಿಕೆಯಲ್ಲ, ಮತ್ತದೇ ಹೊಟ್ಟೆಕಿಚ್ಚು. ಬಸವರಾಜನೊಬ್ಬನಿಗೆ ಆ ಮನೆಯಲ್ಲಿ ನಿಶ್ಚಿಂತೆಯಿಂದ ಸೋಲುವ ಅವಕಾಶವಿತ್ತು. ಅವನ ಸಿಟ್ಟಿಗೆ ಯಾರೂ ಹೆದರಬೇಕಾಗಿರಲಿಲ್ಲ. ನನಗೆ ಹೆದರುತ್ತಿದ್ದರು. ನಾನು ಹುಣಸೆ ಬೀಜಕ್ಕೆ ಆಡುತ್ತಿದ್ದಾಗ ಎದುರು ಕೂತವರು ಮಗಳ ಒಂದು ದಿನಕ್ಕೆ ಆಡುತ್ತಿದ್ದರು, ಪ್ರತಿ ವರ್ಷ ಗೆದ್ದವರೂ ಅವರೇ. ಗಿರಿಜಾಳ ಕಡೆ ನೋಡಿದೆ. ಅವಳು ಕಂಬಕ್ಕೆ ಒರಗಿ ನಿಂತಿದ್ದಳು. ಅವಳಿಗೆ ಇದೆಲ್ಲ ಮೊದಲಿನಿಂದಲೂ ಗೊತ್ತಿತ್ತು ಎಂಬುದು ಅವಳ ಮುಖದಲ್ಲೇ ಇತ್ತು.

"ಈಗ ಖರೇ ಖರೇ ಆಡ್ರಿ, ಮಾವಾರ," ಎಂದೆ.

ಮಾವ ಅತ್ತೆಯನ್ನು ನೋಡಿದರು. ಅತ್ತೆ ಗಿರಿಜಾಳನ್ನು ನೋಡಿದರು. ಮಾವ ಬೀಜಗಳನ್ನು ಸಮನಾಗಿ ಎರಡು ಪಾಲು ಮಾಡಿದರು.

ಮೊದಮೊದಲು ಚೆನ್ನಾಗಿಯೇ ಆಡಿದೆ. ಎಕ್ಕಾ ಬಂದಾಗ ಏರಿಸಿದೆ, ರಾಜಾ ಬಂದಾಗ ಏರಿಸಿದೆ. ಮಾವ ಈಗ ಕೈ ಬಿಡುತ್ತಿರಲಿಲ್ಲ. ನಾನು ಎರಡು ಹಾಕಿದರೆ ನಾಲ್ಕು ಹಾಕುತ್ತಿದ್ದರು, ಬಸವರಾಜನಿಗೆ ಹಾಕುತ್ತಿದ್ದ ಹಾಗೆಯೇ. ನನಗೆ ಮೈಯೆಲ್ಲ ಜುಂ ಎಂದಿತು. ಆಮೇಲೆ ಒಂದು ಹಂಚಿಕೆಯಲ್ಲಿ ನಡುವಿನ ಐದೂ ಎಲೆ ಬಿಚ್ಚಿದವು, ನನ್ನ ಕೈಯಲ್ಲಿ ಏನೇನೂ ಇಲ್ಲ. ಚಿಲ್ಲರೆ ಪಣದವರನ್ನು ಹೆದರಿಸಲು ಹೋಗಬೇಡ ಎಂದು ಒಂದು ವರ್ಷ ಕಲಿತವನು ನಾನು. ಆದರೆ ಈ ಮನುಷ್ಯ ಇಪ್ಪತ್ತು ವರ್ಷ ನನ್ನೆದುರು ಕೈ ಬಿಟ್ಟವರು, ಇನ್ನೊಮ್ಮೆ ಬಿಡಲಿಕ್ಕಿಲ್ಲವೇ ಎಂಬ ಆಸೆ. ಇದ್ದದ್ದೆಲ್ಲ ದೂಡಿದೆ.

ಮಾವ ಎಲೆ ನೋಡಲಿಲ್ಲ, ನನ್ನ ಮುಖ ನೋಡಿದರು. ಬಸ್ಸಿನ ನಡುವೆ ನಿಂತು ನೋಡಿದ ಹಾಗೆ, ಅವಸರವಿಲ್ಲದೆ.

"ಟಿಕೀಟ ತಗಿಸಿಲ್ಲ ನೀವು," ಎಂದು ಅಷ್ಟೇ ಬೀಜ ಎಣಿಸಿ ಮುಂದಿಟ್ಟರು.

ಅವರ ಬಳಿ ಇದ್ದದ್ದು ಸತ್ತೆಯ, ಅಂದರೆ ಏಳರ, ಸಣ್ಣ ಜೋಡಿ. ಅಷ್ಟೇ ಸಾಕಾಯಿತು. ಬೀಜಗಳನ್ನು ಎರಡೂ ಕೈಯಿಂದ ಬಳಿದುಕೊಂಡರು. ತೊಡೆ ತಟ್ಟಲು ಎತ್ತಿದ ಕೈ ಅರ್ಧಕ್ಕೇ ನಿಂತಿತು. "ಸೋತ್ರಿ ಅಳಿಯಾರ," ಎಂದರು, ಮೆತ್ತಗೆ. "ರೀ" ಹೋಗಲಿಲ್ಲ.

ಬಸವರಾಜ ಎಲೆಗಳನ್ನು ಕೂಡಿಸಿ ಕಟ್ಟು ಮಾಡತೊಡಗಿದ. ಅತ್ತೆ ಎದ್ದು ಒಳಗೆ ಹೋದರು, ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಉಂಡಿ ತುಂಬುತ್ತಿದ್ದರು. ನಾನು ಸೋಮವಾರವೂ ಇರುತ್ತೇವೆ ಎಂದು ಮೊದಲೇ ಹೇಳಿದ್ದೆ, ಆದರೂ ತುಂಬುತ್ತಿದ್ದರು. ಗಿರಿಜಾ ಕಂಬದ ಬಳಿ ಇರಲಿಲ್ಲ.

ಹಿತ್ತಿಲಿಗೆ ಹೋಗಿ ನೋಡಿದರೆ, ಅವಳು ತಂತಿಯ ಮೇಲಿನ ಬಟ್ಟೆ ತೆಗೆದು ತೋಳಿನ ಮೇಲೆ ಹಾಕಿಕೊಳ್ಳುತ್ತಿದ್ದಳು. ಅವಳ ಸೀರೆಯ ಅಂಚಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಯಾಕ ತಗೀತಿ? ಹಸಿ ಅದಾವಲ್ಲ ಇನ್ನೂ," ಎಂದೆ.

"ಸಂಜಿ ಬಸ್ ಸಿಗತೈತಿ," ಎಂದಳು, ತಿರುಗಿ ನೋಡದೆ.

"ಯಾವ ಬಸ್ಸೂ ಬ್ಯಾಡ. ನಾಳೆ ಇರೂದು ಇದ್ದ ಐತಿ. ನಾಡದೂ ಇರೂಣು. ಸಾಹೇಬ್ರಿಗೆ ಫೋನ್ ಮಾಡಿ ರಜಾ ಕೇಳ್ತೇನಿ."

ಅವಳು ತಿರುಗಿ ನನ್ನ ಮುಖ ನೋಡಿದಳು.

"ಸೋತು ಇರ್ತೀರಿ?"

"ಸೋತಽ ಇರ್ತೇನಿ."

ತೋಳಿನ ಮೇಲಿದ್ದ ಒದ್ದೆ ಸೀರೆಯನ್ನು ಅವಳು ಮತ್ತೆ ಝಾಡಿಸಿ ತಂತಿಯ ಮೇಲೆ ಹರಡಿದಳು. ನನ್ನ ಅಂಗಿಯನ್ನೂ ಹಾಕಿ, ಕ್ಲಿಪ್ಪು ಸಿಕ್ಕಿಸಿದಳು. ಆಮೇಲೆ ಅಡುಗೆಮನೆಯ ಕಿಟಕಿಯ ಕಡೆ ಮುಖ ಮಾಡಿ, "ಅವ್ವಾ, ಆ ಡಬ್ಬಿ ಮುಚ್ಚಬ್ಯಾಡ. ನಾಳೆ ನನಗ ಮಾದಲಿ ಮಾಡಿಕೊಡು," ಎಂದು ಕೂಗಿದಳು. ದನಿಯನ್ನು ಎಳೆದು, ಕೊನೆಯಲ್ಲಿ ಸ್ವಲ್ಪ ಹಟ ಸೇರಿಸಿ, ಇಲ್ಲ ಎನ್ನುವವರು ಯಾರೂ ಇಲ್ಲ ಎಂದು ಗೊತ್ತಿರುವ ಹುಡುಗಿಯ ಹಾಗೆ ಕೂಗಿದಳು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೇವೆ. ನನ್ನನ್ನು ಆ ದನಿಯಲ್ಲಿ ಅವಳು ಒಮ್ಮೆಯೂ ಏನನ್ನೂ ಕೇಳಿಲ್ಲ. ಹಿತ್ತಿಲ ಬಾಗಿಲಲ್ಲಿ ನಿಂತು ನಾನು ನನ್ನ ಅತ್ತೆಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ.